ನಾಲ್ಕು ಸೆಂಟಿಮೀಟರ್ ಗೋಡೆಯ ತೊಟ್ಟಿ: ಸೂರು ಅಳೆಯುವುದರಿಂದ ಮೊದಲ ಕೊಡದವರೆಗೆ

(ಗಾರೆ ಮೇಸ್ತ್ರಿಗಳು ಮತ್ತು ಮಹಿಳಾ ಸ್ವಸಹಾಯ ಸಂಘಗಳ ಸದಸ್ಯರಿಗಾಗಿ ಕೊಟ್ಟ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಪಾವಗಡದ ಕಡೆಯವರಿಗೆ ಕೊಳವೆಬಾವಿ ನೀರಿನ ಫ್ಲೋರೈಡ್ ಬಗ್ಗೆ ಹೊಸದಾಗಿ ಹೇಳುವುದೇನಿಲ್ಲ. ಮಕ್ಕಳ ಹಲ್ಲಿನ ಮೇಲಿನ ಕಂದು ಪಟ್ಟೆ, ವಯಸ್ಸಿಗೆ ಮುಂಚೆ ಬಗ್ಗಿದ ಬೆನ್ನು, ಮಡಚಿದರೆ ನೆಟ್ಟಗಾಗದ ಮೊಣಕಾಲು ಎಲ್ಲವನ್ನೂ ನೋಡಿದವರೇ ನೀವು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನಕ. ಕಲ್ಲಿನ ಸಂದಿಯಲ್ಲಿ ನೀರು ಹೆಚ್ಚು ಕಾಲ ಕೂತಷ್ಟೂ ಈ ಅಂಕಿ ಏರುತ್ತದೆ. ಕುದಿಸಿದರೆ ಹೋಗುತ್ತದೆ ಎಂದು ನಂಬಿದವರು ಇನ್ನೂ ಇದ್ದಾರೆ. ಕುದಿಸಿದಾಗ ಆವಿಯಾಗುವುದು ನೀರು ಮಾತ್ರ. ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ, ಅಂಕಿ ಇನ್ನಷ್ಟು ಮೇಲೇರುತ್ತದೆ. ಮಳೆನೀರಿನಲ್ಲಿ ಅದು ಇಲ್ಲವೆಂದೇ ಹೇಳಬಹುದು.

ಹಾಗಾಗಿ ಇವತ್ತಿನ ಮಾತು ಒಂದೇ ಕೆಲಸದ ಸುತ್ತ: ಒಂದು ಮನೆಯವರಿಗೆ ಕುಡಿಯಲು, ಅಡುಗೆಗೆ ಸಾಲುವಷ್ಟು ಮಳೆನೀರು ಹಿಡಿದಿಡುವ ಫೆರೋಸಿಮೆಂಟ್ ತೊಟ್ಟಿ. ಕಬ್ಬಿಣದ ಜಾಲರಿಗೆ ಎರಡೂ ಕಡೆಯಿಂದ ಸಿಮೆಂಟ್ ಗಾರೆ ಮೆತ್ತಿ ಮಾಡುವ ತೆಳು ಗೋಡೆ ಇದು. ಫ್ರಾನ್ಸಿನ ಜೋಸೆಫ್ ಲೂಯಿ ಲಾಂಬೊ ಎಂಬಾತ 1848ರಲ್ಲೇ ಹೀಗೆ ದೋಣಿ ಮಾಡಿ ನೀರಿಗಿಳಿಸಿದ್ದ. ದೋಣಿಯಲ್ಲಿ ನೀರು ಹೊರಗಿರಬೇಕು, ತೊಟ್ಟಿಯಲ್ಲಿ ಒಳಗಿರಬೇಕು, ವ್ಯತ್ಯಾಸ ಅಷ್ಟೇ. ಇಟ್ಟಿಗೆ ತೊಟ್ಟಿಯ ಗೋಡೆ ಒಂಬತ್ತು ಇಂಚು ಇದ್ದರೆ ಇದರದು ಒಂದೂವರೆ ಇಂಚು, ಅಂದರೆ 4 ಸೆಂ.ಮೀ. ಒಂಬತ್ತು ಇಂಚಿನಲ್ಲಿ ಎರಡು ಕಡೆ ತಪ್ಪಿದರೂ ಗೋಡೆ ಸಹಿಸಿಕೊಳ್ಳುತ್ತದೆ. ಒಂದೂವರೆ ಇಂಚಿನಲ್ಲಿ ಆ ಸಲಿಗೆ ಇಲ್ಲ.

ಎಷ್ಟು ದೊಡ್ಡದು?

ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ತಲೆಗೆ 4 ಲೀಟರಿನಂತೆ ದಿನಕ್ಕೆ 20 ಲೀಟರ್ ಇಟ್ಟುಕೊಳ್ಳೋಣ. ಸ್ನಾನ, ಬಟ್ಟೆ, ದನಕ್ಕೆ ಈ ನೀರಲ್ಲ. ಅದಕ್ಕೆ ಕೊಳವೆಬಾವಿ ನೀರು ಇದ್ದೇ ಇದೆ. ಮಳೆ ನಂಬುವಂತಿಲ್ಲದ ದಿನಗಳು ಒಂಬತ್ತು ತಿಂಗಳು ಎಂದು ಹಿಡಿದರೆ 270 ದಿನ, 5,400 ಲೀಟರ್.

ಇನ್ನು ಮಾಳಿಗೆಯಿಂದ ಎಷ್ಟು ಬರುತ್ತದೆ ನೋಡಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 50 ಚದರ ಮೀಟರಿನ ಸೂರಿನ ಮೇಲೆ 25 ಮಿ.ಮೀ.ನ ಒಂದು ಹದವಾದ ಮಳೆ ಬಿದ್ದರೆ 1,250 ಲೀಟರ್. ಚಿಮ್ಮಿದ್ದು, ಹೀರಿದ್ದು, ಮೊದಲು ಬಿಟ್ಟ ಕೊಳೆನೀರು ಕಳೆದು ಕೈಗೆ ಸಿಗುವುದು 1,000. ಅಂಥ ಐದಾರು ಮಳೆಗೆ ತೊಟ್ಟಿ ತುಂಬುತ್ತದೆ. ಬರಗಾಲದ ವರ್ಷದಲ್ಲೂ ಹುಬ್ಬೆ, ಉತ್ತರೆ, ಚಿತ್ತೆ ಸೇರಿ ಅಷ್ಟು ಮಳೆ ಬರುವುದುಂಟು. ಇಲ್ಲಿ ಕೊರತೆ ಇರುವುದು ಮಳೆಗಿಂತ ಹೆಚ್ಚಾಗಿ ಹಿಡಿದಿಡುವ ಜಾಗಕ್ಕೆ.

ಒಳವ್ಯಾಸ 2 ಮೀಟರ್, ಗೋಡೆ ಎತ್ತರ 2 ಮೀಟರ್, ಹೆಚ್ಚುವರಿ ನೀರು ಹೊರಹೋಗುವ ಕೊಳವೆ ನೆಲದಿಂದ 1.85 ಮೀಟರ್ ಮೇಲೆ. ಹಿಡಿಯುವುದು ಸುಮಾರು 5,800 ಲೀಟರ್. ನಲ್ಲಿ ನೆಲದಿಂದ 10 ಸೆಂ.ಮೀ. ಮೇಲಿರುವುದರಿಂದ ತಳದ 300 ಲೀಟರ್ ಬಳಕೆಗೆ ಬರುವುದಿಲ್ಲ. ಅದು ಮಡ್ಡಿ ಕೂರುವ ಜಾಗ, ಅಷ್ಟು ಬಿಡಲೇಬೇಕು.

ಆದರೆ ಈ ಅಳತೆ ಎಲ್ಲ ಮನೆಗೂ ಹೊಂದುವುದಿಲ್ಲ. ಗುದ್ದಲಿ ಹಿಡಿಯುವ ಮೊದಲು ಟೇಪು ಹಿಡಿದು ಸೂರಿನ ಎತ್ತರ ಅಳೆಯಿರಿ. ಆರ್‌ಸಿಸಿ ಮನೆಯಲ್ಲಿ ನೀರು ಬೀಳುವ ತೂಬು ಸಾಮಾನ್ಯವಾಗಿ 3 ಮೀಟರ್ ಮೇಲಿರುತ್ತದೆ. ತೊಟ್ಟಿ ಕೂರುವ ಜಗಲಿ 45 ಸೆಂ.ಮೀ., ಅದರ ಮೇಲೆ ನೀರು 1.85 ಮೀ., ಒಟ್ಟು 2.30, ಒಳಬರುವ ಕೊಳವೆ 2.40ಕ್ಕೆ, ಅದರ ಮೇಲೆ ಅರ್ಧ ಮೀಟರಿನ ಸೋಸುವ ಡ್ರಮ್ಮು ಕೂತರೆ 2.90. ತೂಬಿನ ಕೆಳಗೆ ಹತ್ತು ಸೆಂಟಿಮೀಟರ್ ಉಳಿಯಿತು, ಸರಿಹೋಯಿತು. ಹೆಂಚಿನ ಮನೆಯ ಸೂರಿನ ಅಂಚು 2.20 ಮೀಟರಿಗೇ ಇಳಿದಿದ್ದರೆ ಇದೇ ತೊಟ್ಟಿ ಸೂರಿಗಿಂತ ಎತ್ತರ ನಿಲ್ಲುತ್ತದೆ. ಕಟ್ಟಿ ಮುಗಿಸಿದ ಮೇಲೆ ನೀರು ಹತ್ತುವುದಿಲ್ಲ ಎಂದು ಗೊತ್ತಾದ ತೊಟ್ಟಿಗಳು ಆಮೇಲೆ ಸೌದೆ ಇಡುವ ಕೋಣೆಯಾಗುತ್ತವೆ. ಅಂಥ ಮನೆಗೆ ವ್ಯಾಸ 2.5 ಮೀಟರ್ ಮಾಡಿ, ನೀರಿನ ಎತ್ತರ 1.20ಕ್ಕೆ ಇಳಿಸಿ. ಹಿಡಿಯುವುದು ಅಷ್ಟೇ 5,900 ಲೀಟರ್. ಜಗಲಿ 30 ಸೆಂ.ಮೀ. ಸಾಕು, ನಲ್ಲಿಯ ಕೆಳಗೆ ಕೊಡ ಹಿಡಿಸಲು ಒಂದು ಸಣ್ಣ ಗುಂಡಿ ತೆಗೆದು, ಅದರ ಚೆಲ್ಲುನೀರಿಗೆ ದಾರಿ ಮಾಡಿ.

ಜಾಗದ ಬಗ್ಗೆ ಎರಡೇ ಮಾತು. ಹುಣಸೆ, ಬೇವಿನ ಮರದ ಕೆಳಗೆ ಬೇಡ, ಎಲೆಯೂ ಬೇರೂ ಎರಡೂ ಕಾಟ. ಕೊಟ್ಟಿಗೆ, ಶೌಚದ ಗುಂಡಿಯಿಂದ ದೂರವಿರಲಿ.

ಯಾವಾಗ ಹಿಡಿಯಬೇಕು, ಏನೇನು ಬೇಕು

ಸಂಕ್ರಾಂತಿ ಮುಗಿದ ಮೇಲೆ, ಶಿವರಾತ್ರಿಯ ಒಳಗೆ ಕೆಲಸ ಮುಗಿಸುವುದು ಒಳ್ಳೆಯದು. ಏಪ್ರಿಲ್ ಬಿಸಿಲಿಗೆ ತೆಳು ಗಾರೆ ಗಂಟೆಯೊಳಗೆ ಒಣಗುತ್ತದೆ. ಕ್ಯೂರಿಂಗಿಗೆ, ಅಂದರೆ ಗಾರೆ ಗಟ್ಟಿಯಾಗುವ ತನಕ ಒದ್ದೆಯಾಗಿಡಲು, ನೀರು ಕೇಳಿದರೆ ಆ ಹೊತ್ತಿಗೆ ಊರಲ್ಲಿ ಕುಡಿಯಲೇ ಇರುವುದಿಲ್ಲ.

ಎರಡು ಮೀಟರ್ ವ್ಯಾಸದ ತೊಟ್ಟಿಗೆ ಜಗಲಿಯೂ ಸೇರಿ ಸಿಮೆಂಟ್ 14ರಿಂದ 15 ಚೀಲ. ಮರಳು ಅಥವಾ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) 55 ಘನ ಅಡಿ, 20 ಮಿ.ಮೀ. ಜಲ್ಲಿ 25 ಘನ ಅಡಿ. ಎರಡಿಂಚು ಚೌಕದ, 10 ಗೇಜಿನ ವೆಲ್ಡ್ ಮೆಶ್ (ಬೆಸೆದ ತಂತಿಯ ಜಾಲರಿ) 28 ಚದರ ಮೀಟರ್. ಅರ್ಧ ಇಂಚು ಕಣ್ಣಿನ ಕೋಳಿ ಜಾಲರಿ 40 ಚದರ ಮೀಟರ್. ಬೈಂಡಿಂಗ್ ವೈರ್ 3 ಕಿಲೋ. ಛಾವಣಿಗೆ 6 ಮಿ.ಮೀ. ಮತ್ತು 8 ಮಿ.ಮೀ. ಕಂಬಿ. ಮುಕ್ಕಾಲು ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ನಲ್ಲಿಗೆ, ಒಂದೂವರೆ ಇಂಚಿನದು ತೊಳೆದ ನೀರು ಬಿಡಲು. ಇವಲ್ಲದೆ ಇಪ್ಪತ್ತು ಹಳೆಯ ರಸಗೊಬ್ಬರದ ಚೀಲ. ಅವು ಯಾಕೆಂದು ಆಮೇಲೆ ಹೇಳುತ್ತೇನೆ.

ಸಿಮೆಂಟ್ ಚೀಲದ ಮೇಲೆ ತಯಾರಾದ ವಾರ ಅಚ್ಚಾಗಿರುತ್ತದೆ. ಮೂರು ತಿಂಗಳು ದಾಟಿದ್ದನ್ನು ಗೋಡೆಗೆ ಬಳಸಬೇಡಿ. ಮರಳನ್ನು ಜರಡಿ ಹಿಡಿದು 2 ಮಿ.ಮೀ.ಗಿಂತ ದಪ್ಪದ್ದೆಲ್ಲ ತೆಗೆಯಿರಿ, ದಪ್ಪ ಕಾಳು ಜಾಲರಿಯ ಕಣ್ಣಿಗೆ ಅಡ್ಡ ಕೂತು ಹಿಂದೆ ಪೊಳ್ಳು ಬಿಡುತ್ತದೆ. ಮರಳಿನಲ್ಲಿ ಮಣ್ಣಿದೆಯೇ ನೋಡಲು ಗಾಜಿನ ಬಾಟಲಿಗೆ ಅರ್ಧ ಮರಳು, ಮೇಲೆ ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ ಮೂರು ಗಂಟೆ ಬಿಡಿ. ಮರಳಿನ ಮೇಲೆ ಕೂತ ನುಣುಪು ಪದರ ಮರಳಿನ ಎತ್ತರದ ಹನ್ನೆರಡನೇ ಒಂದು ಪಾಲಿಗಿಂತ ದಪ್ಪವಾಗಿದ್ದರೆ ತೊಳೆದೇ ಬಳಸಿ.

ಜಗಲಿ, ಹಾಸು, ಪಂಜರ

ಜಗಲಿ ವೃತ್ತದ ವ್ಯಾಸ 2.5 ಮೀಟರ್. ನಡುವೆ ಗೂಟ ಹೊಡೆದು ದಾರ ಕಟ್ಟಿ ಸುತ್ತು ಗೀಚಿ, ಮೇಲಿನ ಸಡಿಲ ಮಣ್ಣನ್ನೆಲ್ಲ ಗಟ್ಟಿ ನೆಲ ಸಿಗುವ ತನಕ ತೆಗೆಯಿರಿ. ಕಪ್ಪು ಎರೆಮಣ್ಣಾದರೆ ಇನ್ನೂ ಆಳಕ್ಕೆ ಹೋಗಿ ಗರಸು ತುಂಬಬೇಕು, ಯಾಕೆಂದರೆ ಎರೆ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ತುಂಬಿದ ತೊಟ್ಟಿ ಆರು ಟನ್ನಿನ ಮೇಲೆ ತೂಗುತ್ತದೆ. ಒಂದು ಮಗ್ಗುಲು ಕುಸಿದರೆ ಗೋಡೆ ಎಷ್ಟು ಗಟ್ಟಿಯಿದ್ದರೂ ಬಿರುಕೇ. ಸುತ್ತ ಸೈಜುಗಲ್ಲು ಕಟ್ಟಿ, ಒಳಗೆ ಗರಸನ್ನು 15 ಸೆಂ.ಮೀ. ಪದರದಲ್ಲಿ ಹಾಕಿ, ಪ್ರತಿ ಪದರಕ್ಕೂ ನೀರು ಹೊಡೆದು ದಿಮ್ಮಸು ಹಾಕಿ. ಮೇಲೆ 1:3:6 (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟ್ 10 ಸೆಂ.ಮೀ.; ರಸಮಟ್ಟ ಇಟ್ಟು ನೋಡಿ.

ಪಂಜರಕ್ಕೆ ಬರೋಣ. ವೆಲ್ಡ್ ಮೆಶ್ ನಾಲ್ಕಡಿ ಅಗಲದ ಸುರುಳಿಯಲ್ಲಿ ಬರುತ್ತದೆ. 6.65 ಮೀಟರ್ ಉದ್ದದ ಎರಡು ತುಂಡು ಕತ್ತರಿಸಿ. ಸುತ್ತಿ ನಿಲ್ಲಿಸಿದಾಗ ತುದಿಗಳು 25 ಸೆಂ.ಮೀ., ಅಂದರೆ ಐದು ಚೌಕ, ಒಂದರ ಮೇಲೊಂದು ಬರುತ್ತವೆ. ಅಡ್ಡಗಲ ಅಳೆದರೆ ಯಾವ ದಿಕ್ಕಿನಿಂದಲೂ 2.04 ಮೀಟರ್ ಸಿಗಬೇಕು. ಒಂದು ಕಡೆ 2.10, ಇನ್ನೊಂದು ಕಡೆ 1.98 ಬಂದರೆ ಪಂಜರ ಮೊಟ್ಟೆಯಾಗಿದೆ, ಅಲ್ಲೇ ಸರಿಮಾಡಿ. ದುಂಡಗಿನ ತೊಟ್ಟಿಯಲ್ಲಿ ನೀರಿನ ಒತ್ತಡ ಗೋಡೆಯನ್ನು ಸುತ್ತಲೂ ಒಂದೇ ಸಮ ಎಳೆಯುತ್ತದೆ, ಎಳೆತಕ್ಕೆ ಕಬ್ಬಿಣ ಗಟ್ಟಿ. ಮೊಟ್ಟೆಯಾದರೆ ಗೋಡೆ ಬಾಗಲು ಹೊರಡುತ್ತದೆ, ಬಾಗುವುದನ್ನು ನಾಲ್ಕು ಸೆಂಟಿಮೀಟರ್ ತಡೆಯಲಾರದು.

ಕೆಳತುಂಡಿನ ತಳದ ನಾಲ್ಕು ಅಡ್ಡ ತಂತಿಗಳನ್ನು ಕತ್ತರಿಸಿ ತೆಗೆದರೆ 20 ಸೆಂ.ಮೀ. ಉದ್ದದ ನೇರ ತಂತಿಗಳು ಕಾಲಿನಂತೆ ಉಳಿಯುತ್ತವೆ. ಅವನ್ನು ಒಂದು ಒಳಕ್ಕೆ, ಒಂದು ಹೊರಕ್ಕೆ ಬಗ್ಗಿಸಿ. ನೆಲದ ಕಾಂಕ್ರೀಟು ಈ ಕಾಲುಗಳನ್ನು ಕಚ್ಚಿಕೊಳ್ಳುತ್ತದೆ. ಮೇಲಿನ ತುಂಡನ್ನು 20 ಸೆಂ.ಮೀ. ಇಳಿಸಿ ಕಟ್ಟಿ, ಎರಡು ತುಂಡಿನ ಕೂಡುಗೆರೆಗಳು ಒಂದೇ ನೇರಕ್ಕೆ ಬರದಂತೆ ಅರ್ಧ ಸುತ್ತು ತಿರುಗಿಸಿ. ಆಮೇಲೆ ಕೋಳಿ ಜಾಲರಿ ಒಳಗೊಂದು, ಹೊರಗೊಂದು, ಬಿಗಿಯಾಗಿ ಎಳೆದು ಗೇಣಿಗೊಂದರಂತೆ ಬೈಂಡಿಂಗ್ ವೈರಿನ ಕಟ್ಟು. ಇಲ್ಲಿ ತಾಳ್ಮೆ ಬೇಕು. ಜಾಲರಿ ಹೊಟ್ಟೆಬಿಟ್ಟ ಕಡೆ ಗಾರೆ ದಪ್ಪವಾಗುತ್ತದೆ, ಅಥವಾ ಜಾಲರಿಯೇ ಹೊರಗೆ ಇಣುಕಿ ತುಕ್ಕು ಹಿಡಿಯುತ್ತದೆ. ಕಟ್ಟಿನ ಮೊನೆಗಳನ್ನೆಲ್ಲ ಒಳಕ್ಕೆ ಮಡಚಿ. ಗಾರೆ ಹಾಕುವ ಕೈಗೆ ಅವೇ ಮುಳ್ಳು.

ಕೊಳವೆಗಳನ್ನೆಲ್ಲ ಈಗಲೇ ಕೂರಿಸಬೇಕು, ಗಾರೆ ಆದ ಮೇಲೆ ಉಳಿ ಹಿಡಿದು ತೂತು ಹೊಡೆಯುವ ಮಾತೇ ಬೇಡ. ತೊಟ್ಟಿ ಸೋರುವುದು ಗೋಡೆಯ ಬಯಲಲ್ಲಿ ಕಡಿಮೆ, ಕೊಳವೆಯ ಸುತ್ತ ಹೆಚ್ಚು. ನುಣ್ಣಗಿನ ಪೈಪನ್ನು ಗಾರೆ ಹಿಡಿಯುವುದಿಲ್ಲ, ನಲ್ಲಿ ತಿರುಗಿಸಿ ತಿರುಗಿಸಿ ಪೈಪು ಸಡಿಲವಾಗುತ್ತದೆ. ಅದಕ್ಕೇ ಜಿಐ ಪೈಪಿನ ನಡುವೆ ನಾಲ್ಕಿಂಚು ಚೌಕದ ತಗಡಿನ ತುಂಡನ್ನು ಸುತ್ತಲೂ ಬೆಸುಗೆ ಹಾಕಿಸಿ ಗೋಡೆಯ ದಪ್ಪದೊಳಗೆ ಹುದುಗಿಸಿ. ಮೇಲಿನ ಪಿವಿಸಿ ಕೊಳವೆಗಳಿಗೆ ಉಪಾಯ ಬೇರೆ: ಗೋಡೆಯೊಳಗೆ ಬರುವ ಭಾಗವನ್ನು ಉಪ್ಪುಕಾಗದದಿಂದ ತಿಕ್ಕಿ, ಪೈಪಿನ ಅಂಟು ಬಳಿದು, ಹಸಿಯಿರುವಾಗಲೇ ಒಣ ಮರಳಿನಲ್ಲಿ ಹೊರಳಿಸಿ. ಒಣಗಿದ ಮೇಲೆ ಮರಳುಕಾಗದದಂತೆ ಒರಟಾಗುತ್ತದೆ, ಗಾರೆ ಬಿಡದೆ ಹಿಡಿಯುತ್ತದೆ.

ನೆಲಕ್ಕೂ ವೆಲ್ಡ್ ಮೆಶ್ ಹಾಸಿ, ಬಗ್ಗಿಸಿದ ಕಾಲುಗಳಿಗೆ ಕಟ್ಟಿ, 1:2:4 ಕಾಂಕ್ರೀಟನ್ನು ಸಣ್ಣ ಜಲ್ಲಿಯಲ್ಲಿ 6 ಸೆಂ.ಮೀ. ಹಾಕಿ. ತೊಳೆನೀರಿನ ಕೊಳವೆಯ ಕಡೆಗೆ ಎರಡು ಸೆಂ.ಮೀ. ವಾಟ ಕೊಡಿ. ಗೋಡೆ ಏಳುವ ಅಂಚನ್ನು ಮಾತ್ರ ನುಣ್ಣಗೆ ಮಾಡಬೇಡಿ, ಕರಣೆಯ ಮೊನೆಯಿಂದ ಗೀಚಿ ಒರಟಾಗಿ ಬಿಡಿ.

ಗಾರೆ ಕಲಸುವುದು

ಒಂದಕ್ಕೆ ಮೂರು. ಇದನ್ನು ಬಾಂಡ್ಲಿಯಲ್ಲಿ ಅಳೆಯಬೇಡಿ. ಸಿಮೆಂಟಿನ ಬಾಂಡ್ಲಿಯನ್ನು ತಲೆ ತಟ್ಟಿ ತುಂಬುತ್ತೀರಿ, ಮರಳಿನ ಬಾಂಡ್ಲಿ ಗೋಪುರ ಏಳುತ್ತದೆ. ಒಂದಕ್ಕೆ ಮೂರು ಎಂದದ್ದು ಒಂದಕ್ಕೆ ನಾಲ್ಕೂವರೆ ಆಗುತ್ತದೆ. ಒಂದು ಚೀಲ ಸಿಮೆಂಟ್ 35 ಲೀಟರ್ ಜಾಗ ಹಿಡಿಯುತ್ತದೆ. ಒಳ ಅಳತೆ 40, 35, 25 ಸೆಂ.ಮೀ. ಇರುವ ಮರದ ಪೆಟ್ಟಿಗೆ ಮಾಡಿಸಿ, ಚೀಲಕ್ಕೆ ಮೂರು ಪೆಟ್ಟಿಗೆ ಮರಳು, ಅಂಚಿಗೆ ಹಲಗೆ ಎಳೆದು ಸಮ ಮಾಡಿ.

ನೀರು ಒಂದು ಚೀಲಕ್ಕೆ 22ರಿಂದ 24 ಲೀಟರ್. ಇದು ಪೂರ್ತಿ ಒಣ ಮರಳಿನ ಲೆಕ್ಕ. ಮರಳು ಹಸಿಯಿದ್ದರೆ ಅದರಲ್ಲೇ ನಾಲ್ಕೈದು ಲೀಟರ್ ಇರುತ್ತದೆ, ಅಷ್ಟು ಕಳೆಯಿರಿ. ಕಲಸಿದ್ದನ್ನು ಅಂಗೈಯಲ್ಲಿ ಉಂಡೆ ಕಟ್ಟಿ ನೋಡಿ: ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಒಸರಬಾರದು. ರಾಗಿ ಮುದ್ದೆ ತೊಳಸುವವರಿಗೆ ಈ ಹದ ಬೇಗ ಕೈಗೆ ಹತ್ತುತ್ತದೆ. ಮುದ್ದೆಗಿಂತ ಒಂದು ಎಳೆ ಮೆದು, ಅಂಬಲಿಯಂತೂ ಖಂಡಿತ ಅಲ್ಲ. ನೀರು ಹೆಚ್ಚಾದರೆ ಮೆತ್ತುವ ಕೈಗೆ ಸುಖ, ನಿಜ. ಆದರೆ ಆ ಹೆಚ್ಚಿನ ನೀರು ಆವಿಯಾಗಿ ಹೋದ ಜಾಗದಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ತೂತು ಉಳಿಯುತ್ತದೆ. ತೊಟ್ಟಿ ಬೆವರುವುದು ಆ ತೂತುಗಳಿಂದಲೇ. ವಾಟರ್‌ಪ್ರೂಫ್ ದ್ರವ ಹಾಕಿದ್ದೇವಲ್ಲ ಎಂದು ಸಮಾಧಾನ ಮಾಡಿಕೊಳ್ಳುವವರಿದ್ದಾರೆ. ನೀರು ಹೆಚ್ಚು ಹಾಕಿ ದ್ರವ ಸುರಿಯುವುದಕ್ಕಿಂತ ನೀರನ್ನೇ ಅಳೆದು ಹಾಕಿ ಆ ದುಡ್ಡು ಉಳಿಸಿಕೊಳ್ಳಿ ಎನ್ನುವುದು ನನ್ನ ಮಾತು.

ಒಂದು ಸಲಕ್ಕೆ ಅರ್ಧ ಚೀಲದಷ್ಟೇ ಕಲಸಿ, ಮುಕ್ಕಾಲು ಗಂಟೆಯೊಳಗೆ ಮುಗಿಸಿ. ಬಿಗಿದುಕೊಂಡ ಗಾರೆಗೆ ಮತ್ತೆ ನೀರು ಚಿಮುಕಿಸಿ ಎಬ್ಬಿಸಬೇಡಿ, ಅದು ಎದ್ದಂತೆ ಕಾಣುತ್ತದೆ, ಕಚ್ಚುವುದಿಲ್ಲ.

ಗೋಡೆ ಮೆತ್ತುವ ದಿನ

ಈಗ ಆ ರಸಗೊಬ್ಬರದ ಚೀಲಗಳು. ಬಿಚ್ಚಿ, ಒಂದಕ್ಕೊಂದು ಹೊಲಿದು, ಪಂಜರದ ಹೊರಗೆ ಸೀರೆಯಂತೆ ಸುತ್ತಿ, ಮೇಲೆ ಹಗ್ಗವನ್ನು ಗೇಣಿಗೊಂದು ಸುತ್ತಿನಂತೆ ಬಿಗಿಯಿರಿ. ಒಳಗಿನಿಂದ ಗಾರೆ ಒತ್ತುವಾಗ ಹಿಂದೆ ಆನಿಕೆ ಬೇಕಲ್ಲ, ಅದಕ್ಕೆ. ಇಬ್ಬರು ಒಳಗೆ ನಿಂತು ತಳದಿಂದ ಮೇಲಕ್ಕೆ, ಸುತ್ತು ಸುತ್ತಾಗಿ, ಒಂದೂವರೆ ಸೆಂ.ಮೀ. ದಪ್ಪದಲ್ಲಿ ಒತ್ತುತ್ತಾ ಹೋಗಬೇಕು. ಎಸೆಯಬೇಡಿ, ಒತ್ತಿ. ಗಾರೆ ಜಾಲರಿ ದಾಟಿ ಚೀಲಕ್ಕೆ ತಾಗಿತೋ ಇಲ್ಲವೋ ಎಂದು ಹೊರಗೆ ನಿಂತವರು ಅಂಗೈ ಆಡಿಸಿ ನೋಡಬೇಕು. ಮೆತ್ತಗೆ ಒಳಸರಿದರೆ ಅಲ್ಲಿ ಪೊಳ್ಳು.

ಒಂದು ಪದರದ ಪೂರ್ತಿ ಸುತ್ತು ಒಂದೇ ದಿನ ಮುಗಿಯಬೇಕು. ಅರ್ಧ ಎತ್ತರಕ್ಕೆ ನಿಲ್ಲಿಸಿ ಮಾರನೇ ದಿನ ಮುಂದುವರಿಸಿದರೆ ಆ ಸೇರುವೆಯ ಗೆರೆಯಲ್ಲೇ ನೀರು ಜಿನುಗುತ್ತದೆ, ಹೊರಗಿನಿಂದ ಉಡಿದಾರ ಕಟ್ಟಿದಂತೆ ಒದ್ದೆ ಪಟ್ಟೆ ಕಾಣುತ್ತದೆ. ಊಟದ ಹೊತ್ತಿಗೂ ಸರದಿ ಮಾಡಿಕೊಳ್ಳಿ, ಎಲ್ಲರೂ ಒಟ್ಟಿಗೆ ಏಳಬೇಡಿ. ಸಂಜೆ ಮೈಯನ್ನು ಗೀಚಿ ಒರಟು ಮಾಡಿ, ಒದ್ದೆ ಗೋಣಿ ಇಳಿಬಿಡಿ.

ಮಾರನೇ ದಿನ ಚೀಲ ಬಿಚ್ಚಿ ಹೊರಮೈಗೆ ಗಾರೆ. ಬಿಚ್ಚಿದಾಗ ಪೊಳ್ಳು ಬಿಟ್ಟ ಕಡೆಗಳು ಎದ್ದು ಕಾಣುತ್ತವೆ, ಅವನ್ನು ಮೊದಲು ತುಂಬಿ. ಯಾವ ಹೊಸ ಪದರಕ್ಕೂ ಮುಂಚೆ ಹಳೆಯದನ್ನು ನೆನೆಸಿ ಸಿಮೆಂಟ್ ಹಾಲು, ಅಂದರೆ ನೀರಿನಲ್ಲಿ ತೆಳ್ಳಗೆ ಕಲಸಿದ ಸಿಮೆಂಟ್, ಬಳಿಯಲೇಬೇಕು. ಮೂರನೇ ದಿನ ಒಳಗಿನ ಎರಡನೇ ಪದರ. ಗೋಡೆಯೂ ನೆಲವೂ ಸೇರುವ ಮೂಲೆಯನ್ನು ಚೂಪಾಗಿ ಬಿಡದೆ ಗಾಜಿನ ಬಾಟಲಿಯ ಹೊಟ್ಟೆಯಿಂದ ಎಳೆದು, ನಾಲ್ಕು ಬೆರಳಗಲ ಒಳಬಾಗಿದ ದುಂಡು ಮಾಡಿ. ಚೂಪು ಮೂಲೆಯಲ್ಲಿ ಗಾರೆ ಸರಿಯಾಗಿ ಒತ್ತುವುದಿಲ್ಲ, ಪಾಚಿ ತೊಳೆಯಲೂ ಆಗುವುದಿಲ್ಲ. ಕೊನೆಗೆ ಬರೀ ಸಿಮೆಂಟಿನ ಪೇಸ್ಟನ್ನು ಉಕ್ಕಿನ ಕರಣೆಯಲ್ಲಿ ತೆಳ್ಳಗೆ ಎಳೆದರೆ ಒಳಮೈ ಮುಗಿಯಿತು. ಎಲ್ಲ ಪದರ ಸೇರಿ 4 ಸೆಂ.ಮೀ.; ಜಾಲರಿಯ ಮೇಲೆ ಎಲ್ಲಿಯೂ ಅರ್ಧ ಸೆಂ.ಮೀ.ಗಿಂತ ಕಡಿಮೆ ಗಾರೆ ಇರಬಾರದು. ಕರಣೆಯ ಹಿಡಿಯಿಂದ ತಟ್ಟುತ್ತಾ ಸುತ್ತು ಬನ್ನಿ, ಡಬ್ಬದಂತೆ ಸದ್ದು ಬಂದ ಕಡೆ ಕಿತ್ತು ಮತ್ತೆ ಹಾಕಿ.

ಕೈಗೆ ರಬ್ಬರ್ ಗವಸು ಇರಲಿ. ಮೂರು ದಿನ ಬರಿಗೈಯಲ್ಲಿ ಸಿಮೆಂಟ್ ಒತ್ತಿದರೆ ಬೆರಳ ತುದಿಯ ಚರ್ಮ ತಿಂದುಹೋಗುತ್ತದೆ.

ಮೇಲ್ಮುಚ್ಚು

ಚಪ್ಪಟೆ ಮುಚ್ಚಳಕ್ಕಿಂತ ಗುಮ್ಮಟ ಒಳ್ಳೆಯದು, ಕಡಿಮೆ ಕಬ್ಬಿಣದಲ್ಲಿ ನಿಲ್ಲುತ್ತದೆ. ಎರಡು ಮೀಟರ್ ಅಗಲಕ್ಕೆ ನಡುವಿನ ಎತ್ತರ 30ರಿಂದ 35 ಸೆಂ.ಮೀ. ಗುಮ್ಮಟ ತನ್ನ ತೂಕಕ್ಕೆ ಗೋಡೆಯ ತಲೆಯನ್ನು ಹೊರಕ್ಕೆ ತಳ್ಳುತ್ತದೆ. ಅದಕ್ಕೆ ಗೋಡೆಯ ತುದಿಯಲ್ಲಿ 8 ಮಿ.ಮೀ. ಕಂಬಿಯ ಎರಡು ಸುತ್ತು ಕಟ್ಟಿ. ಅದರಿಂದ ನಡುವಿಗೆ 6 ಮಿ.ಮೀ.ನ ಎಂಟು ಕಂಬಿ, ಮೇಲೆ ವೆಲ್ಡ್ ಮೆಶ್, ಎರಡೂ ಕಡೆ ಕೋಳಿ ಜಾಲರಿ. ಮೆಶ್‌ನ ಅಂಚು ಗೋಡೆಯ ಮೇಲೆ 20 ಸೆಂ.ಮೀ. ಇಳಿಯಲಿ. ಒಂದು ಮಗ್ಗುಲಿಗೆ 60 ಸೆಂ.ಮೀ.ನ ಬಾಯಿ ಬಿಡಿ.

ಒಳಗಿನ ಆಸರೆಗೆ ನಡುವೆ ಒಂದು ಗಳ, ಅದರ ತಲೆಯಿಂದ ಗೋಡೆಗೆ ಮರದ ತುಂಡುಗಳು, ಮೇಲೆ ಬಿದಿರ ಸೀಳು, ಗೋಣಿ. ಇಲ್ಲಿ ಆಗುವ ಎಡವಟ್ಟು ನಗು ತರಿಸುತ್ತದೆ: ಗುಮ್ಮಟ ಗಟ್ಟಿಯಾದ ಮೇಲೆ ಈ ಮರವೆಲ್ಲ ಆ 60 ಸೆಂ.ಮೀ. ಬಾಯಿಯಿಂದಲೇ ಹೊರಬರಬೇಕು. ಉದ್ದ ಅಗಲ ನೋಡದೆ ಹಲಗೆ ಇಳಿಸಿದವರು ಆಮೇಲೆ ತೊಟ್ಟಿಯೊಳಗೆ ಕೂತು ಗರಗಸ ಆಡಿಸಬೇಕಾಗುತ್ತದೆ. ಗಾರೆ 3ರಿಂದ 4 ಸೆಂ.ಮೀ., ಅಂಚಿನಿಂದ ನಡುವಿಗೆ. ಏಳು ದಿನ ಆಸರೆ ಮುಟ್ಟಬೇಡಿ.

ನೀರುಣಿಸುವುದು, ಪರೀಕ್ಷೆ

ಗೋಡೆ ಮೆತ್ತುವುದು ಮೂರು ದಿನ, ಗುಮ್ಮಟ ಒಂದು ದಿನ. ಕ್ಯೂರಿಂಗ್ ಹದಿನಾಲ್ಕು ದಿನ. ಎಲ್ಲರಿಗೂ ಬೇಸರ ಬರುವುದು ಈ ಹದಿನಾಲ್ಕರಲ್ಲಿ, ಕೆಲಸ ಕೆಡುವುದೂ ಇದರಲ್ಲೇ. ಮೇಸ್ತ್ರಿ ಮುಂದಿನ ಊರಿಗೆ ಹೋಗಿರುತ್ತಾನೆ, ಮನೆಯವರು ಬೆಳಿಗ್ಗೆ ಒಂದು ಬಿಂದಿಗೆ ಎರಚಿ ಹೊಲಕ್ಕೆ ಹೋಗುತ್ತಾರೆ. ತೆಳು ಗೋಡೆ ಹತ್ತು ಗಂಟೆಗೇ ಬೆಳ್ಳಗಾಗುತ್ತದೆ. ಒಮ್ಮೆ ಒಣಗಿ ಒಮ್ಮೆ ನೆನೆದರೆ ಕೂದಲೆಳೆ ಬಿರುಕು ಬಲೆಯಂತೆ ಹರಡುತ್ತದೆ. ಸುತ್ತ ಗೋಣಿ ಕಟ್ಟಿ ಅದನ್ನು ಸದಾ ಒದ್ದೆ ಇಡಿ, ಗುಮ್ಮಟದ ಮೇಲೆ ಹುಲ್ಲು ಹರಡಿ ನೆನೆಸಿ, ತೊಟ್ಟಿಯ ತಳದಲ್ಲಿ ನಾಲ್ಕಿಂಚು ನೀರು ನಿಲ್ಲಿಸಿ ಬಾಯಿ ಮುಚ್ಚಿ. ಒಳಗೆ ಹಬೆಯಿರುವ ತನಕ ಒಳಮೈಗೆ ಬೇರೆ ಉಪಚಾರ ಬೇಡ. ಒಪ್ಪಂದದಲ್ಲಿ ಕ್ಯೂರಿಂಗ್ ಮಾಡುವವರ ಹೆಸರು ಬರೆದು, ಅದಕ್ಕೂ ಕೂಲಿ ಇಡಿ. ಪುಕ್ಕಟೆ ಕೆಲಸ ಎಂದು ಬಿಟ್ಟರೆ ಅದು ಯಾರ ಕೆಲಸವೂ ಆಗುವುದಿಲ್ಲ.

ಹದಿನೈದನೇ ದಿನದಿಂದ ತುಂಬಿಸಿ, ದಿನಕ್ಕೆ ಮೂರನೇ ಒಂದು ಪಾಲು. ತುಂಬಿದ ಮೊದಲ ದಿನ ಗೋಡೆ ನೀರು ಹೀರುತ್ತದೆ, ಮಟ್ಟ ಒಂದಿಷ್ಟು ಇಳಿಯುತ್ತದೆ, ಗಾಬರಿ ಬೇಡ. ಎರಡನೇ ದಿನ ಪೆನ್ಸಿಲಿನಲ್ಲಿ ಗೆರೆ ಎಳೆದು 24 ಗಂಟೆ ಬಿಟ್ಟು ನೋಡಿ. ಹೊರಮೈಯಲ್ಲಿ ಒದ್ದೆ ಮಚ್ಚೆ ಬರೀ ಬೆವರಿದಂತಿದ್ದರೆ ವಾರ ಕಾಯಿರಿ. ಗಾರೆಯೊಳಗೆ ಇನ್ನೂ ನೀರು ಕುಡಿಯದ ಸಿಮೆಂಟ್ ಇರುತ್ತದೆ, ಸುಣ್ಣದ ಅಂಶವೂ ಇರುತ್ತದೆ, ಅವೇ ಸಣ್ಣ ದಾರಿಗಳನ್ನು ಮುಚ್ಚುತ್ತವೆ. ನೀರು ಎಳೆಯಾಗಿ ಹರಿಯುತ್ತಿದ್ದರೆ ಮಾತ್ರ ಖಾಲಿ ಮಾಡಿ, ಒಳಗಿನಿಂದ ಆ ಜಾಗ ಕೆತ್ತಿ, ಸಿಮೆಂಟ್ ಹಾಲು ಬಳಿದು, 1:2 ಗಾರೆ ಒತ್ತಿ, ಮತ್ತೆ ಒಂದು ವಾರ ನೀರುಣಿಸಿ. ಹೊರಗಿನಿಂದ ಮೆತ್ತಿದ ತೇಪೆಯನ್ನು ಒಳಗಿನ ನೀರು ತಳ್ಳಿ ಬೀಳಿಸುತ್ತದೆ.

ಈ ಮೊದಲ ತುಂಬು ನೀರು ಸುಣ್ಣದ ರುಚಿ ಹೊಡೆಯುತ್ತದೆ. ಕುಡಿಯಬೇಡಿ, ಗಿಡಕ್ಕೆ ಬಿಡಿ.

ಸೂರಿನಿಂದ ತೊಟ್ಟಿಗೆ

ದೋಣಿ, ಅಂದರೆ ಸೂರಿನ ಅಂಚಿನ ನೀರುಕಾಲುವೆ, ನಾಲ್ಕಿಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿದರೆ ಆಯಿತು. ಮೀಟರಿಗೆ ಒಂದು ಸೆಂ.ಮೀ. ಇಳಿಜಾರು, ಮೀಟರಿಗೊಂದರಂತೆ ಹಿಡಿಕೆ. ಹಿಡಿಕೆ ದೂರವಾದರೆ ಬಿಸಿಲಿಗೆ ಪೈಪು ಜೋತು ನೀರು ನಡುವೆ ನಿಲ್ಲುತ್ತದೆ, ಸೊಳ್ಳೆ ಮರಿ ಮಾಡುತ್ತದೆ.

ಸೂರಿನ ಮೇಲಿನ ಧೂಳು, ಹಕ್ಕಿ ಹಿಕ್ಕೆ ಎಲ್ಲ ಮೊದಲ ಒಂದು ಮಿ.ಮೀ. ಮಳೆಯಲ್ಲೇ ತೊಳೆದುಬರುತ್ತದೆ. 50 ಚದರ ಮೀಟರಿಗೆ ಅದು 50 ಲೀಟರ್. ಇಳಿಯುವ ಕೊಳವೆಗೆ ತೊಟ್ಟಿಯ ಕಡೆ ತಿರುಗುವ ಮುಂಚೆ ಕೆಳಕ್ಕೆ ಒಂದು ಕುರುಡು ಕವಲು ಕೊಟ್ಟು, ತುದಿಗೆ ತಿರುಪಿನ ಮುಚ್ಚಳ ಹಾಕಿ. ಮೊದಲ ಕೊಳೆನೀರು ಆ ಕವಲಿನಲ್ಲಿ ತುಂಬಿಕೊಳ್ಳುತ್ತದೆ, ಆಮೇಲಿನದು ತೊಟ್ಟಿಗೆ ತಿರುಗುತ್ತದೆ. ನಾಲ್ಕಿಂಚಿನ ಪೈಪು ಮೀಟರಿಗೆ ಎಂಟೂವರೆ ಲೀಟರ್ ಮಾತ್ರ ಹಿಡಿಯುತ್ತದೆ, ಸಾಲದು. ಆರಿಂಚಿನದು 18 ಲೀಟರ್. ಎರಡೂವರೆ ಮೀಟರ್ ಇದ್ದರೆ ಹತ್ತಿರಕ್ಕೆ ಬರುತ್ತದೆ. ಪ್ರತಿ ಮಳೆ ನಿಂತ ಮೇಲೆ ಮುಚ್ಚಳ ಬಿಚ್ಚಿ ಖಾಲಿ ಮಾಡದಿದ್ದರೆ ಮುಂದಿನ ಮಳೆಯ ಕೊಳೆ ನೇರ ತೊಟ್ಟಿಗೇ ಬರುತ್ತದೆ.

ಸೋಸುವ ಡ್ರಮ್ಮಿನಲ್ಲಿ ಮರಳು, ಇದ್ದಿಲು ಪದರ ಪದರವಾಗಿ ತುಂಬುವುದನ್ನು ಚಿತ್ರಗಳಲ್ಲಿ ನೋಡಿರುತ್ತೀರಿ. ಇಷ್ಟು ಸಣ್ಣ ಡ್ರಮ್ಮಿಗೆ ಅದನ್ನು ನಾನು ಒಪ್ಪುವುದಿಲ್ಲ. ಗಂಟೆಗೆ 60 ಮಿ.ಮೀ. ವೇಗದ ಮಳೆಯಲ್ಲಿ ಈ ಸೂರಿನಿಂದ ನಿಮಿಷಕ್ಕೆ 50 ಲೀಟರ್ ಇಳಿಯುತ್ತದೆ. ಎರಡಡಿ ಅಗಲದ ಮರಳು ಒಂದಿಷ್ಟು ಕೆಸರು ಹಿಡಿದರೂ ಅದನ್ನು ಬಿಡಲಾರದು. ಡ್ರಮ್ಮು ಉಕ್ಕುತ್ತದೆ, ಕಣ್ಣೆದುರೇ ನೀರು ಹಾಳಾಗುವುದನ್ನು ನೋಡಲಾರದೆ ಮನೆಯವರು ಮರಳನ್ನೇ ತೆಗೆದು ಬಿಸಾಡುತ್ತಾರೆ. ಅದರ ಬದಲು ಮೇಲೆ ಸ್ಟೀಲ್ ಜಾಲರಿ, ಕೆಳಗೆ ತೊಳೆದ ಜಲ್ಲಿ ಒಂದಡಿ. ಉಳಿದ ನುಣುಪು ತೊಟ್ಟಿಯ ತಳದಲ್ಲಿ ತಾನಾಗಿ ಕೂರುತ್ತದೆ.

ಹೊರಹೋಗುವ ಕೊಳವೆ ಒಳಬರುವ ಕೊಳವೆಯಷ್ಟೇ ದಪ್ಪ, ನಾಲ್ಕಿಂಚು ಇರಬೇಕು. ಒಂದಿಂಚಿನದು ಹಾಕಿದರೆ ನಿಮಿಷಕ್ಕೆ 50 ಲೀಟರಿನ ಅರ್ಧವನ್ನೂ ಅದು ಸರಿಯಾಗಿ ಬಿಡುವುದಿಲ್ಲ, ಉಳಿದದ್ದು ಗುಮ್ಮಟದ ಬಾಯಿಯಿಂದ ಉಕ್ಕಿ ಜಗಲಿಯ ಬುಡದ ಮಣ್ಣು ಕೊರೆಯುತ್ತದೆ. ಆ ನೀರನ್ನು ದೂರಕ್ಕೆ, ಸಾಧ್ಯವಾದರೆ ಇಂಗುಗುಂಡಿಗೆ ಒಯ್ಯಿರಿ. ಕೊಳವೆಯ ಬಾಯಿಗೆ ಸೊಳ್ಳೆ ಜಾಲರಿ, ಗುಮ್ಮಟದ ಬಾಯಿಗೆ ಬಿಗಿ ಮುಚ್ಚಳ. ಬೆಳಕು ಬಿದ್ದರೆ ಪಾಚಿ, ಸಂದಿ ಇದ್ದರೆ ಹಲ್ಲಿ.

ಫ್ಲೋರೈಡ್ ಇಲ್ಲವೆಂದ ಮಾತ್ರಕ್ಕೆ ರೋಗಾಣು ಇಲ್ಲವೆಂದಲ್ಲ. ಕುಡಿಯುವುದನ್ನು ಕುದಿಸಿ, ಇಲ್ಲವಾದರೆ ತಾಜಾ ಬ್ಲೀಚಿಂಗ್ ಪುಡಿ ಸಾವಿರ ಲೀಟರಿಗೆ 4 ಗ್ರಾಂ, ತುಂಬಿದ ತೊಟ್ಟಿಗೆ 23 ಗ್ರಾಂ. ನೇರ ಸುರಿಯಬೇಡಿ. ಬಕೆಟಿನಲ್ಲಿ ಕರಗಿಸಿ, ಸುಣ್ಣ ಕೂತ ಮೇಲೆ ತಿಳಿಯನ್ನಷ್ಟೇ ಹಾಕಿ, ಆ ದಿನ ಬಳಸದೆ ಬಿಡಿ. ವರ್ಷಕ್ಕೊಮ್ಮೆ, ನೀರು ತಳ ಕಂಡಾಗ, ಒಳಗಿಳಿದು ತೊಳೆಯಿರಿ. ಒಬ್ಬರು ಒಳಗಿದ್ದರೆ ಇನ್ನೊಬ್ಬರು ಬಾಯಿಯ ಬಳಿ ಇರಲೇಬೇಕು.

ಕೊನೆಯದಾಗಿ ಒಂದು ಅಳತೆಕೋಲು. ನೆಟ್ಟಗಿನ ಬಿದಿರಿಗೆ ಸೆಂಟಿಮೀಟರ್ ಗುರುತು ಹಾಕಿ ತೊಟ್ಟಿಯ ಪಕ್ಕದಲ್ಲಿ ಇಡಿ. ಈ ತೊಟ್ಟಿಯಲ್ಲಿ ಒಂದು ಸೆಂ.ಮೀ. ಎಂದರೆ 31 ಲೀಟರ್. ದಿನಕ್ಕೆ 20 ಲೀಟರ್ ತೆಗೆದರೆ ವಾರಕ್ಕೆ ನಾಲ್ಕೂವರೆ ಸೆಂ.ಮೀ. ಇಳಿಯಬೇಕು. ದೀಪಾವಳಿಗೆ 185ಕ್ಕೆ ತುಂಬಿದ್ದು ಸಂಕ್ರಾಂತಿಗೆ 135ರ ಆಸುಪಾಸು, ಯುಗಾದಿಗೆ 90ರ ಆಸುಪಾಸು ಇರಬೇಕು. ಅದಕ್ಕಿಂತ ಬೇಗ ಇಳಿದಿದ್ದರೆ ಮೊದಲು ಹೊರಗೋಡೆಯ ಬುಡ ಮುಟ್ಟಿ ನೋಡಿ. ಅದು ಒಣಗಿದ್ದರೆ, ಮನೆಯಲ್ಲಿ ಯಾರು ಈ ನೀರಿನಲ್ಲಿ ಬಟ್ಟೆ ಒಗೆಯುತ್ತಿದ್ದಾರೆ ಎಂದು ವಿಚಾರಿಸಿ.